ತಕ್ಕಡಿ ಮೇಡಮ್ ಅಂಟಿಸಿದ ಎರಡು ಚೀಟಿ

ಅವಳನ್ನು ನಾನು ಮೊದಲು ಕಂಡ ದಿನ ಅವಳು ನನ್ನ ಮನೆಯ ಗೋಡೆಯ ಜೊತೆ ಜಗಳಕ್ಕೆ ನಿಂತವಳ ಹಾಗೆ ನಿಂತಿದ್ದಳು. ಬಾಯಿ ಮಾತ್ರ ಮಾಡುತ್ತಿರಲಿಲ್ಲ. ಒಂದು ಕೈಯಲ್ಲಿ ತೂಕದ ಕಲ್ಲುಗಳ ಪೆಟ್ಟಿಗೆ, ಇನ್ನೊಂದು ಕೈ ಸೊಂಟದ ಮೇಲೆ. ಮೆಟ್ಟಿಲ ಬುಡದಲ್ಲಿ ನೇತು ಹಾಕಿದ ತಗಡಿನ ಬೋರ್ಡನ್ನು ಓದುವುದು, ತಲೆಯೆತ್ತಿ ಮೇಲಿನ ಮುಚ್ಚಿದ ಕಿಟಕಿಯನ್ನು ನೋಡುವುದು, ಮತ್ತೆ ಬೋರ್ಡನ್ನು ಓದುವುದು. ನಾನು ಬಾಗಿಲ ಬಳಿ ಬೆಳಕಿಗೆ ಕೂತು ಕಾಜಾ ಹೊಲಿಯುತ್ತಿದ್ದೆ. ಅಂಗಿಯ ಗುಂಡಿ ತೂರುವ ತೂತಿನ ಅಂಚನ್ನು ಕೈಯಲ್ಲೇ ಹೊಲಿಸಬೇಕೆನ್ನುವ ದರ್ಜಿಗಳು ಇವತ್ತಿಗೂ ನನಗೇ ಕೊಡುತ್ತಾರೆ.

"ಅಮ್ಮಾ, ಮೇಲಿನ ಕೋಣೆ ಬಾಡಿಗೆಗಿದೆಯಾ?"

"ಇಲ್ಲ."

"ಬೋರ್ಡು ಇದೆ ಅಂತಿದೆ."

"ಬೋರ್ಡು ಏನಾದ್ರೂ ಹೇಳ್ಲಿ ಬಿಡು. ನಾನು ಹೇಳ್ತಿದ್ದೀನಲ್ಲ."

"ಹಾಗಾದ್ರೆ ಅದನ್ನ ತೆಗೀಬೇಕು. ಇಲ್ಲದ್ದನ್ನ ಇದೆ ಅಂದ್ರೆ ಜನ ನಂಬಿಕೊಂಡು ಬರ್ತಾರೆ. ನೋಡಿ, ನಾನು ಬಂದಿಲ್ವಾ?"

"ಬಂದ ದಾರಿ ಮರೆತಿಲ್ಲ ತಾನೆ?" ಎಂದೆ. ನನಗೆ ಸಿಟ್ಟು ಬಂದಿತ್ತು.

ಸಿಟ್ಟಿಗೆ ಕಾರಣವಿತ್ತು. ನಮ್ಮ ಯಜಮಾನರು ಅಂಗಡಿಗಳ ಬೋರ್ಡು ಬರೆಯುವ ಕೆಲಸದವರು. ಇಡೀ ಪೇಟೆಗೆ ಅಕ್ಷರ ಹಂಚಿದರು, ಸ್ವಂತ ಮನೆಗೆ ಅಂತ ಬರೆದದ್ದು ಅದೊಂದೇ ಬೋರ್ಡು: ಕೋಣೆ ಬಾಡಿಗೆಗಿದೆ. ಹಳದಿ ಅಕ್ಷರ, ಅದರ ಬೆನ್ನಿಗೆ ಕಂದು ನೆರಳು. ನೇತು ಹಾಕಿ ಕೆಳಗಿಳಿದು, ಕುಂಚ ಒರೆಸಿಕೊಳ್ಳುತ್ತಾ, "ನೋಡ್ತಿರು, ಒಂದು ವಾರದಲ್ಲಿ ಜನ ಬರ್ತಾರೆ" ಅಂದಿದ್ದರು. ವಾರದೊಳಗೆ ಜನ ಬಂದದ್ದೇನೋ ನಿಜ. ಬಾಡಿಗೆಗಲ್ಲ. ನನಗೆ ಬರುವ ನಾಲ್ಕಕ್ಷರವೂ ಅವರ ಬೋರ್ಡುಗಳ ಮೇಲೆ ಬೆರಳಾಡಿಸಿ ಕಲಿತದ್ದು. ಆ ತಗಡನ್ನು ನಾನು ಹೇಗೆ ತೆಗೆಯಲಿ?

ಅವಳು ಪೆಟ್ಟಿಗೆ ಕೆಳಗಿಟ್ಟು, ಅಕ್ಷರದ ಅಂಚಿನ ಹತ್ತಿರ ಕಣ್ಣು ತಂದು ನೋಡಿದಳು. "ಯಾರು ಬರೆದದ್ದು?"

"ನಮ್ಮ ಯಜಮಾನರು."

"ಒಳಗಿದಾರಾ?"

ನಾನು ಸೂಜಿಯನ್ನೇ ನೋಡುತ್ತಿದ್ದೆ. ಅವಳಿಗೆ ಅರ್ಥವಾಯಿತು. ಅಯ್ಯೋ ಪಾಪ ಅನ್ನಲಿಲ್ಲ, ಅದಕ್ಕೇ ನನಗೆ ಅವಳ ಮೇಲೆ ಮೊದಲ ಸಲ ಮನಸ್ಸು ಬಂದದ್ದು. ಬೋರ್ಡಿನಿಂದ ಹಿಂದೆ ಸರಿದು ಅಂದಳು: "ಬೋರ್ಡು ತೆಗೆಯೋದು ಬೇಡ. ಕೋಣೆ ನನಗೆ ಕೊಡಿ. ಆಗ ಬೋರ್ಡಿನ ಮಾತು ಸುಳ್ಳಾಗಲ್ಲ, ಹಳೇದಾಗುತ್ತೆ ಅಷ್ಟೆ. ಸುಳ್ಳಾದ್ರೆ ತೆಗೀಬೇಕು. ಹಳೇದಾದ್ರೆ ಒಂದು ಚೀಟಿ ಅಂಟಿಸಿದ್ರೆ ಸಾಕು."

ಚೀಲದಿಂದ ಬಿಳಿ ಅಂಟುಚೀಟಿಯ ಸುರುಳಿ ತೆಗೆದಳು. ರಿಪೇರಿ ಮಾಡಿದ ತಕ್ಕಡಿಗಳಿಗೆ ಅಂಟಿಸುವ ಚೀಟಿಯದು. ಒಂದರ ಮೇಲೆ 'ಸದ್ಯಕ್ಕೆ ಇಲ್ಲ' ಎಂದು ಬರೆದು, ಅಕ್ಷರಕ್ಕಿರಲಿ, ಅಕ್ಷರದ ನೆರಳಿಗೂ ತಾಗದ ಹಾಗೆ ಬೋರ್ಡಿನ ಕೆಳಗಿನ ಮೂಲೆಗೆ ಅಂಟಿಸಿ ಹೆಬ್ಬೆರಳಿನಿಂದ ಒತ್ತಿದಳು. ನಾನು ದಾರ ಕಚ್ಚಿ ತುಂಡರಿಸಿ, ಬೀಗದ ಕೈ ತರಲು ಎದ್ದೆ.

ಹೀಗೆ ಅವಳು ನನ್ನ ಮಹಡಿಗೆ ಬಂದಳು. ಆಗ ಅವಳಿಗೆ ನಲವತ್ತು ದಾಟಿತ್ತು. ಮದುವೆಯಾಗಿರಲಿಲ್ಲ. ಅಂಗಡಿಗಳ ವಿದ್ಯುತ್ ತಕ್ಕಡಿಗಳನ್ನು ರಿಪೇರಿ ಮಾಡುವ ಕೆಲಸ. ಬೀದಿಯಲ್ಲಿ ಅವಳಿಗೆ 'ತಕ್ಕಡಿ ಮೇಡಮ್' ಎಂದು ಹೆಸರಾಯಿತು. ಎದುರು ಬದಿಯಲ್ಲಿ ಬಂಡಿ ಹಾಕಿಕೊಂಡಿರುವ ಇಸ್ತ್ರಿಯವನು ಅವಳು ಹಾದು ಹೋಗುವಾಗಲೆಲ್ಲ, "ಮೇಡಮ್, ನಮ್ಮನೆಯವಳ ಮಾತನ್ನ ಒಂಚೂರು ತೂಗಿ ಕೊಡ್ತೀರಾ? ದಿನಾ ನನಗೆ ಹೆಚ್ಚಿಗೆ ಹಾಕ್ತಾಳೆ" ಅನ್ನುವನು. ಅವಳು ನಿಲ್ಲದೆ, "ಮೊದಲು ನಿಮ್ಮ ಕಿವೀನ ತಂದು ಕೊಡಿ, ಮುಳ್ಳು ಅಲ್ಲೇ ಕೆಟ್ಟಿರುತ್ತೆ" ಅನ್ನುವಳು.

ನನ್ನನ್ನು ದೊಡ್ಡಮ್ಮ ಎಂದು ಕರೆದಳು. ನಾನು ಬೇಡವೆನ್ನಲಿಲ್ಲ.

ಸಂಜೆ ಕೆಲಸ ಮುಗಿಸಿ ಬಂದು, ಮುಖ ತೊಳೆದು, ಮೇಲೆ ಕೂತರೆ ಕೀಲಿಮಣೆಯ ಸದ್ದು ಶುರುವಾಗುತ್ತಿತ್ತು. ಚಿಟಪಟ ಚಿಟಪಟ, ಆಮೇಲೆ ತುಂಬ ಹೊತ್ತು ಮೌನ, ಮತ್ತೆ ಚಿಟಪಟ. ಕತೆ ಬರೆಯುತ್ತಾಳೆಂದು ನಾನು ಅಂದುಕೊಂಡಿದ್ದೆ. ಒಂದು ಸಂಜೆ ತಡೆಯಲಾರದೆ ಮೆಟ್ಟಿಲು ಹತ್ತಿ ಕೇಳಿಯೇಬಿಟ್ಟೆ.

"ಏನು ಕುಟ್ತಿರ್ತೀಯ ಮಾರಾಯ್ತಿ ಹೊತ್ತಿಡೀ?"

ಅವಳು ಸ್ಟೂಲು ಎಳೆದು ಕೂರಿಸಿದಳು. "ದೊಡ್ಡಮ್ಮ, ಈ ಯಂತ್ರ ಇದೆಯಲ್ಲ, ಇದರೊಳಗೊಬ್ಬ ಯಜಮಾನ ಇದ್ದ ಹಾಗೆ. ಪ್ರೋಗ್ರಾಂ ಬರೆಯೋರು ಹೊರಗಿನೋರು. ಅವರು ತಾವೇ ಏನೂ ಮುಟ್ಟೋ ಹಾಗಿಲ್ಲ. ಗಂಟೆ ಎಷ್ಟು ಅಂತ ತಿಳೀಬೇಕಾ, ಕಡತ ತೆಗೀಬೇಕಾ, ಎಲ್ಲದಕ್ಕೂ ಯಜಮಾನನ್ನ ಕರೀಬೇಕು. ಒಂದೊಂದು ಕೆಲಸಕ್ಕೆ ಕರೆಯೋಕೆ ಒಂದೊಂದು ನಂಬರು."

"ಸರಿ, ಕರೀಲಿ."

"ಕಷ್ಟ ಅಲ್ಲೇ ಇರೋದು. ಯಂತ್ರಗಳಲ್ಲಿ ಹತ್ತಾರು ಜಾತಿ. ಒಂದರಲ್ಲಿ ಗಂಟೆ ಕೇಳೋ ನಂಬರು ಇನ್ನೊಂದರಲ್ಲಿ ಕಡತ ಅಳಿಸೋ ನಂಬರಾಗಿರುತ್ತೆ. ಗಂಟೆ ಎಷ್ಟಪ್ಪಾ ಅಂದ್ರೆ ಅವನು ಮನೆ ಗುಡಿಸಿ ಹಾಕ್ತಾನೆ."

"ಕೆಪ್ಪ ಯಜಮಾನ."

"ಕೆಪ್ಪ ಅಲ್ಲ, ಹೇಳಿದ್ದಷ್ಟೇ ಕೇಳೋನು. ಅದಕ್ಕೆ ನಾವು ಕೆಲವರು ಸೇರಿ ಎಲ್ಲ ಜಾತಿ ಯಂತ್ರದ ಕರೆಗಳನ್ನೂ ಒಂದೇ ಕಡೆ ಹೊಂದಿಸಿಟ್ಟಿದ್ದೀವಿ. ಹೊರಗಿನೋರು ನಮ್ಮ ಹತ್ರ 'ಗಂಟೆ' ಅಂದ್ರೆ ಸಾಕು. ಅವರ ಯಂತ್ರ ಯಾವುದೇ ಇರ್ಲಿ, ಅದಕ್ಕೆ ತಕ್ಕ ನಂಬರು ನಾವು ಹೊಂದಿಸ್ತೀವಿ."

ನಾನು ತಲೆದೂಗಿದೆ. "ಗುಂಡಿ ಒಬ್ಬರದ್ದು, ಬಟ್ಟೆ ಒಬ್ಬರದ್ದು. ನಡುವೆ ನೀನು ಕಾಜಾ ಹೊಲೀತೀಯ."

ಅವಳು ಎಷ್ಟು ನಕ್ಕಳೆಂದರೆ ಕುರ್ಚಿ ಕಿರುಗುಟ್ಟಿತು. "ಇಷ್ಟು ವರ್ಷದಿಂದ ಜನಕ್ಕೆ ಹೇಗೆ ಹೇಳ್ಬೇಕು ಅಂತ ಒದ್ದಾಡ್ತಿದ್ದೆ, ದೊಡ್ಡಮ್ಮ."

"ಸಂಬಳ ಯಾರು ಕೊಡ್ತಾರೆ?"

"ಯಾರೂ ಇಲ್ಲ."

"ಹುಚ್ಚಿ," ಎಂದು ಹೇಳಿ ಕೆಳಗಿಳಿದೆ.

ಆ ಕೆಲಸಕ್ಕೆ ಕೈ ಹಾಕುವವರು ಬೇರೆ ಬೇರೆ ದೇಶಗಳಲ್ಲಿದ್ದರು. ಯಾರು ಬೇಕಾದರೂ ತಮ್ಮ ಯಂತ್ರದ ಕರೆಗಳನ್ನು ಬರೆದು ಕಳಿಸಬಹುದು. ಕಳಿಸಿದ್ದನ್ನು ಇವಳೂ ಇವಳ ಜೊತೆಯವರೂ ತಾಳೆ ನೋಡಿ ಸೇರಿಸಬೇಕು. ಬಾಯಿಗೆ ಬಂದ ಹಾಗೆ ಕಳಿಸಿದರೆ ತಾಳೆ ನೋಡುವವರ ಗತಿಯೇನು? ಅದಕ್ಕೆ ಇವಳು ಕೈ ಜೋಡಿಸಲು ಬರುವವರಿಗೆಂದು ನಿಯಮಗಳನ್ನು ಬರೆಯುತ್ತಿದ್ದಳು. ಭಾನುವಾರ ನನ್ನ ಪಕ್ಕ ಕೂತು, ಅವರೆಲ್ಲರಿಗೂ ತಿಳಿಯುವ ಭಾಷೆಯಲ್ಲಿ ಬರೆದದ್ದನ್ನು ನಮ್ಮ ಮಾತಿನಲ್ಲಿ ಓದಿ ಹೇಳುವಳು. ನಾನು ಕಾಜಾ ಹೊಲಿಯುತ್ತಾ ಹೂಂಗುಟ್ಟುವೆ. ಅವು ನನಗೆ ಈಗಲೂ ಬಾಯಿಪಾಠ.

ಒಂದು ಸಲಕ್ಕೆ ಒಂದೇ ವಿಷಯ ಕಳಿಸಿ, ಮೂಟೆ ಕಟ್ಟಬೇಡಿ. ನಂಬರನ್ನು ನೆನಪಿನಿಂದ ಬರೆಯಬೇಡಿ, ಆ ಯಂತ್ರದ ಜೊತೆ ಬಂದ ಮೂಲ ಕಡತದಿಂದಲೇ ಎತ್ತಿಕೊಳ್ಳಿ, ಎಲ್ಲಿಂದ ಎತ್ತಿಕೊಂಡಿರೆಂದು ಹೇಳಿ. ಎಲ್ಲಿ ಪರೀಕ್ಷಿಸಿದಿರಿ, ಹೇಗೆ ಪರೀಕ್ಷಿಸಿದಿರಿ ಎಂದು ಕೆಳಗೆ ಬರೆಯಿರಿ. ಯಾರೇ ಆಗಲಿ, ನಿಯಮ ಬರೆದವರೇ ಆಗಲಿ, ಇನ್ನೊಬ್ಬರು ಒಪ್ಪದೆ ತಮ್ಮದನ್ನು ತಾವೇ ಸೇರಿಸಿಕೊಳ್ಳುವಂತಿಲ್ಲ. ಪ್ರತಿಯೊಂದು ಜಾತಿಯ ಯಂತ್ರಕ್ಕೂ ಅದನ್ನು ಮನೆಯಲ್ಲಿಟ್ಟುಕೊಂಡು ನೋಡಿಕೊಳ್ಳುವ ಒಬ್ಬರಾದರೂ ಇರಬೇಕು. ಇಲ್ಲದಿದ್ದರೆ ಆ ಯಂತ್ರದ ಕರೆಗಳ ಭಾಗವನ್ನು ತೆಗೆಯಬೇಕು. ಆದರೆ ಏಕಾಏಕಿ ತೆಗೆಯಬಾರದು. 'ಇದು ಹೋಗಲಿದೆ' ಎಂದು ಮೊದಲು ಚೀಟಿ ಅಂಟಿಸಬೇಕು. ಆ ಚೀಟಿಯ ಸಮೇತ ಒಂದು ಆವೃತ್ತಿ, ಅಂದರೆ ಹೊಂದಿಸಿದ್ದೆಲ್ಲದರ ಹೊಸ ಕಂತು, ಲೋಕಕ್ಕೆ ಹೋಗಬೇಕು. ಮುಂದಿನ ಆವೃತ್ತಿಯಲ್ಲಷ್ಟೇ ತೆಗೆಯಬೇಕು.

"ಇದೇನು, ಬೋರ್ಡಿಗೆ ಅಂಟಿಸಿದ ಹಾಗೇನಾ?" ಎಂದೆ.

"ಅದೇ. ಆದ್ರೆ ಈ ಚೀಟಿ ಕಣ್ಣಿಗೆ ಬೀಳೋದು ಆ ಜಾತಿ ಯಂತ್ರ ಇಟ್ಟುಕೊಂಡೋರಿಗೆ ಮಾತ್ರ. ಹೊಸ ಆವೃತ್ತಿ ತಗೊಂಡು ಅವರ ಯಂತ್ರದಲ್ಲಿ ಕಟ್ಟಿ ಕೂರಿಸೋವಾಗ ಪರದೆ ಮೇಲೆ ಬರುತ್ತೆ."

ಈ ನಿಯಮಗಳನ್ನು ಒಂದೂ ಬಿಡದೆ ಮುರಿದುಕೊಂಡು ಬಂದವನು ಉಬ್ಬರದವನು.

ಆ ಹೆಸರು ನಾನಿಟ್ಟದ್ದು. ಅವನು ಎಲ್ಲೋ ಒಂದು ದ್ವೀಪದಲ್ಲಿ ಸಮುದ್ರದ ಉಬ್ಬರ ಇಳಿತ ಅಳೆಯುವ ಕೆಲಸದಲ್ಲಿದ್ದವನು. ಅಳತೆಯ ಕೋಣೆಗೆ ಹೊಸ ಯಂತ್ರ ಬಂದಾಗ ಹಳೆಯದನ್ನು ಕೇಳಿಕೊಂಡು ಮನೆಗೆ ತಂದಿಟ್ಟುಕೊಂಡಿದ್ದನಂತೆ. ಬೇರೆಲ್ಲೂ ಉಳಿಯದ ಜಾತಿ ಅದು. ಅಂಗಳದಾಚೆಯ ಸಮುದ್ರಕ್ಕೆ ತಾನೇ ಒಂದು ಅಳತೆಗೋಲು ನೆಟ್ಟು, ಅದರಿಂದ ಇನ್ನೂ ನೀರು ಅಳೆಯುತ್ತಿದ್ದ. ಆ ಯಂತ್ರದ ಕರೆಗಳನ್ನೆಲ್ಲ ಒಂದೇ ಮೂಟೆ ಕಟ್ಟಿ ಕಳಿಸಿದ. ಅರ್ಧ ನೆನಪಿನಿಂದ ಬರೆದದ್ದು. ಇವಳು, ಬಂದದ್ದಕ್ಕೆ ಸಂತೋಷ, ದಯವಿಟ್ಟು ಮೂಟೆ ಬಿಚ್ಚಿ ಒಂದೊಂದಾಗಿ ಕಳಿಸಿ, ಎಲ್ಲಿ ಪರೀಕ್ಷಿಸಿದಿರೆಂದು ಬರೆಯಿರಿ ಎಂದು ತಿಳಿಸಿದಳು.

ಮುನಿಸಿಕೊಂಡು ಹೋಗುವವರೇ ಹೆಚ್ಚು. ಇವನು ಹೋಗಲಿಲ್ಲ. ಒಂದೊಂದಾಗಿ ಕಳಿಸತೊಡಗಿದ. ಮೊದಲನೆಯದರ ಕೆಳಗೆ ಹೀಗಿತ್ತು: 'ಪರೀಕ್ಷಿಸಿದ್ದು: ನನ್ನ ಯಂತ್ರದಲ್ಲಿ. ನೀರು ಇಳಿದಿದೆ.'

ಅವಳಿಗೆ ತಮಾಷೆಯೆನಿಸಿತು. ಎಲ್ಲಿ, ಹೇಗೆ ಎಂದು ಕೇಳಿದ್ದಕ್ಕೆ ಅವನು ಇದ್ದದ್ದನ್ನು ಇದ್ದ ಹಾಗೆ ಬರೆದಿದ್ದ, ಅಷ್ಟೆ. ಎರಡನೆಯದರಲ್ಲಿ 'ನೀರು ಏರುತ್ತಿದೆ, ತಂಗಿ ಬಟ್ಟೆ ಒಳಗೆ ತರುತ್ತಿದ್ದಾಳೆ' ಎಂದಿತ್ತು. ಇನ್ನೊಂದರಲ್ಲಿ 'ನೀರು ಇಳಿದಿದೆ, ಬಂಡೆಯ ಮೇಲೆ ಒಂದು ಏಡಿ ಕೂತು ನನ್ನನ್ನೇ ನೋಡುತ್ತಿದೆ' ಎಂದಿತ್ತು. ಇವಳು ಒಪ್ಪಿಗೆ ಬರೆಯುವಾಗ ಕೊನೆಗೆ 'ಏಡಿಗೂ ಒಪ್ಪಿಗೆಯೇ?' ಎಂದು ಸೇರಿಸಿದಳು. ಅವಳೇ ಓದಿ ಹೇಳಿದ್ದು, ನಾನೇ ಸಾಕ್ಷಿ.

ಹಾಗೆ ಎಷ್ಟೋ ಕಾಲ ನಡೆಯಿತು. ಆ ಕೆಲಸದ ಬರಹದ ಆಚೆ ಒಂದು ಸಾಲನ್ನೂ ಅವರು ಒಬ್ಬರಿಗೊಬ್ಬರು ಬರೆದವರಲ್ಲ. ಎಲ್ಲವೂ ಆ ಪರೀಕ್ಷೆಯ ಸಾಲಿನಲ್ಲೇ. ಪ್ರತಿ ಆವೃತ್ತಿ ಹೊರಡುವ ಮೊದಲು ಅವನು ತನ್ನ ಹಳೆಯ ಯಂತ್ರದಲ್ಲಿ ಪರೀಕ್ಷಿಸಿ ಸರಿಯಿದೆ ಎಂದು ತಿಳಿಸುವನು, ನೀರಿನ ಸುದ್ದಿ ಹೇಳುವನು. ಅವಳು ಕೆಳಗೆ ಬಂದು, ಯಾರೋ ಪಕ್ಕದ ಬೀದಿಯವರ ವಿಷಯ ಹೇಳುವ ಹಾಗೆ, "ಇವತ್ತು ನೀರು ಏರಿದೆಯಂತೆ ದೊಡ್ಡಮ್ಮ" ಅನ್ನುವಳು. ನಮ್ಮ ಊರಿನಿಂದ ಸಮುದ್ರ ಎಷ್ಟು ದೂರವೋ ನನಗೆ ತಿಳಿಯದು. ನಾನು ಅದನ್ನು ಕಂಡವಳಲ್ಲ. ಆದರೂ ಒಲೆಯ ಮುಂದೆ ನಿಂತು ನೀರು ಏರಿದೆಯಲ್ಲ, ಆ ತಂಗಿ ಬಟ್ಟೆ ಒಳಗೆ ತಂದಳೋ ಇಲ್ಲವೋ ಎಂದು ಯೋಚಿಸಿದ್ದುಂಟು.

"ಅವನಿಗೆ ವಯಸ್ಸೆಷ್ಟು?" ಎಂದು ಒಂದು ದಿನ ಕೆಣಕಿದೆ.

"ನಂಗೇನು ಗೊತ್ತು."

"ಮದುವೆ?"

"ಅದು ನಿಯಮದಲ್ಲಿಲ್ಲ ದೊಡ್ಡಮ್ಮ, ಕೇಳೋಕಾಗಲ್ಲ."

"ಸೇರಿಸ್ಕೋ. ನಿಯಮ ನೀನೇ ತಾನೆ ಬರೆಯೋದು?"

ಅವಳು ಎದ್ದು ನೀರು ಕುಡಿಯಲು ಹೋದಳು. ಬಾಯಾರಿಕೆ ಆಗಿರಲಿಲ್ಲ ಎಂದು ನಾನು ಪ್ರಮಾಣ ಮಾಡಿ ಹೇಳಬಲ್ಲೆ.

ಆಮೇಲೆ ಒಂದು ಆವೃತ್ತಿಗೆ ಅವನಿಂದ ಏನೂ ಬರಲಿಲ್ಲ. ಕೇಳಿ ಬರೆದಳು. ಮಾರೋಲೆ ಇಲ್ಲ. ಯಂತ್ರ ಕೆಟ್ಟಿರಬಹುದು ಅಂದಳು. ಇನ್ನೊಂದು ಆವೃತ್ತಿ ಹೋಯಿತು. ಅಂಗಡಿಗಳ ಕೆಲಸಕ್ಕೆ ಮೊದಲಿನ ಹಾಗೇ ಹೋಗಿ ಬರುತ್ತಿದ್ದಳು, ಇಸ್ತ್ರಿಯವನಿಗೆ ಮೊದಲಿನ ಹಾಗೇ ಉತ್ತರ ಕೊಡುತ್ತಿದ್ದಳು. ಆದರೆ ಸಂಜೆ ಮೇಲಿನ ಸದ್ದು ಬದಲಾಗಿತ್ತು. ಚಿಟಪಟ ಕಡಿಮೆ, ಮೌನ ಜಾಸ್ತಿ. ಕಾಯುವವರ ಮೌನ ಹೇಗಿರುತ್ತದೆಂದು ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಬೋರ್ಡು ಬರೆದವರು ಹೋದ ಮೇಲೂ ತುಂಬ ದಿನ ನಾನು ಮೆಟ್ಟಿಲ ಬಳಿ ಕುಂಚ ತೊಳೆಯುವ ಸದ್ದಿಗೆ ಕಿವಿ ಕೊಟ್ಟು ಕೂತವಳು. ನನ್ನವರು ಬರುವುದಿಲ್ಲವೆಂದಾದರೂ ನನಗೆ ಗೊತ್ತಿತ್ತು. ಅವಳಿಗೆ ಅದೂ ಗೊತ್ತಿರಲಿಲ್ಲ.

ಆಗ ಬಂದವನು ಚುರುಕಪ್ಪ, ಈ ಹೆಸರೂ ನಾನಿಟ್ಟದ್ದೇ. ಅವಳ ಜೊತೆ ತಾಳೆ ನೋಡುವವರಲ್ಲಿ ಒಬ್ಬ, ದೂರದ ಊರಿನಲ್ಲಿದ್ದರೂ ನಮ್ಮ ಮಾತಿನವನೇ. ಪರದೆಯ ಮೇಲೆ ಮುಖ ತೋರಿಸಿ ಮಾತಾಡುವನು. ಒಂದು ಕಡೆ ಕಣ್ಣು ನಿಲ್ಲದು. ಒಳ್ಳೆಯವನೇ, ಆದರೆ ಅನ್ನಕ್ಕೆ ಅಕ್ಕಿ ಹಾಕುತ್ತಲೇ ಬೆಂದಿತಾ ಎನ್ನುವ ಜಾತಿ.

ಆ ದಿನ ನಾನು ಮೇಲೆ ಅವಳ ಹಾಸಿಗೆಯ ಮೇಲೆ ಕೂತು ಅವಳದೇ ಅಂಗಿಗೆ ಗುಂಡಿ ಹಾಕುತ್ತಿದ್ದೆ.

"ಮೇಡಮ್, ಆ ದ್ವೀಪದ ಯಂತ್ರದ ಭಾಗ ತೆಗೆದುಬಿಡೋಣ," ಅಂದ ಅವನು. "ನೋಡಿಕೊಳ್ಳೋರು ಯಾರೂ ಇಲ್ಲ. ಸರಿಯಿದೆಯೋ ಕೆಟ್ಟಿದೆಯೋ ನಮಗೆ ಗೊತ್ತಾಗಲ್ಲ. ಕೆಟ್ಟ ನಂಬರು ಕೊಡೋದಕ್ಕಿಂತ ಕೊಡದೇ ಇರೋದು ವಾಸಿ. ನಿಯಮ ನಿಮ್ಮದೇ."

"ಗೊತ್ತು. ಚೀಟಿ ಅಂಟಿಸ್ತೀನಿ. ಈ ಆವೃತ್ತಿ ಚೀಟಿ ಜೊತೆ ಹೋಗ್ಲಿ, ಮುಂದಿನದ್ರಲ್ಲಿ ತೆಗೆಯೋಣ."

"ಸರಿ ಹಾಗಾದ್ರೆ."

ಅವಳು ಚೀಟಿ ಬರೆದು ಅವನ ಒಪ್ಪಿಗೆಗೆ ಇಟ್ಟಳು. ಅವನು ಓದಿ ಮುಖ ಪರದೆಗೆ ಹತ್ತಿರ ತಂದ.

"ಇದೇನಿದು ಮೇಡಮ್? 'ಈ ಭಾಗ ಮುಂದಿನ ಆವೃತ್ತಿಯಲ್ಲಿ ಹೋಗಲಿದೆ. ಬಳಸುವವರು ಇದ್ದರೆ ತಿಳಿಸಿ.' ಇಲ್ಲಿವರೆಗೆ ಸರಿ. ಆಮೇಲೆ, 'ನೀರು ಏರಿದೆಯಾ, ಇಳಿದಿದೆಯಾ?' ಯಾವ ನೀರು?"

ಅವಳು ಕೀಲಿಮಣೆಯ ಮೇಲಿನ ಧೂಳನ್ನು ಬೆರಳಿನಿಂದ ಒರೆಸಿದಳು.

"ಇದನ್ನ ತೆಗೀರಿ. ಚೀಟಿ ಅಂದ್ರೆ ಏನು ಹೋಗುತ್ತೆ, ಯಾವಾಗ ಹೋಗುತ್ತೆ, ಬದಲಿಗೆ ಏನು ಮಾಡ್ಬೇಕು, ಇಷ್ಟೇ ಇರಬೇಕು ಅಂತ ಬರೆದಿರೋದು ಯಾರು?"

"ನಾನೇ."

"ಹೊಸಬರು ಯಾರಾದ್ರೂ ಹೀಗೆ ಬರೆದಿದ್ರೆ ನೀವು ಒಪ್ತಿದ್ರಾ?"

"ಒಪ್ತಿರ್ಲಿಲ್ಲ."

ನನ್ನ ಸೂಜಿ ನಿಂತಿತು. ಆ ಒಂದು ಸಾಲಿಗೆ ಅವನ ಒಪ್ಪಿಗೆ ಬೇಕೇ ಬೇಕಿತ್ತು. ಅವಳು ಬರೆದ ನಿಯಮ ಅವಳ ಕೈಯನ್ನೇ ಕಟ್ಟಿಹಾಕಿತ್ತು. ಆ ಸಾಲು ಹೋದರೆ ಉಬ್ಬರದವನನ್ನು ತಲುಪುವ ದಾರಿ ಬೇರೆ ಇರಲಿಲ್ಲ. ಓಲೆಗಳಿಗೆ ಅವನು ಉತ್ತರ ಕೊಡುತ್ತಿರಲಿಲ್ಲ, ವಿಳಾಸ ಅವಳಿಗೆ ತಿಳಿದಿರಲಿಲ್ಲ. ಅವನ ಯಂತ್ರದ ಪರದೆಯೊಂದೇ ಉಳಿದಿತ್ತು.

ಅವಳು ಕೊನೆಗೆ ಮೆಲ್ಲಗೆ ಹೇಳಿದಳು: "ನೋಡಪ್ಪ, ಈ ಚೀಟಿ ಕಾಣೋದು ಆ ಯಂತ್ರದಲ್ಲಿ ಮಾತ್ರ. ಆ ಯಂತ್ರ ಇರೋದು ಒಬ್ಬರ ಹತ್ರ ಮಾತ್ರ. 'ಬಳಸುವವರು ಇದ್ದರೆ ತಿಳಿಸಿ' ಅಂದ್ರೆ ಅವರು ಅದು ಬೇರೆ ಯಾರಿಗೋ ಅಂದ್ಕೋತಾರೆ. ಅಂಥವರು ಅವರು. ನೀರಿನ ಮಾತು ಕೇಳಿದ್ರೆ ತಮ್ಮನ್ನೇ ಕೇಳ್ತಿದ್ದಾರೆ ಅಂತ ತಿಳಿಯುತ್ತೆ."

ಚುರುಕಪ್ಪನ ಕಣ್ಣು ಮೊದಲ ಸಲ ಒಂದು ಕಡೆ ನಿಂತಿತು.

"ಇದು ನಿಯಮದಲ್ಲಿಲ್ಲ ಮೇಡಮ್."

"ಹಾಗಾದ್ರೆ ನಿಯಮಕ್ಕೊಂದು ಸಾಲು ಸೇರಿಸ್ತೀನಿ. ಅದನ್ನೂ ನೀನೇ ತಾಳೆ ನೋಡು."

ಕುಟ್ಟಿದಳು, ಅಳಿಸಿದಳು, ಮತ್ತೆ ಕುಟ್ಟಿದಳು. ಆಮೇಲೆ ಓದಿದಳು. 'ಒಂದು ಯಂತ್ರದ ಭಾಗವನ್ನು ತೆಗೆಯುವ ಮೊದಲು, ಅದನ್ನು ನೋಡಿಕೊಂಡು ಬಂದವರನ್ನು, ಅವರಿಗೆ ತಮ್ಮನ್ನೇ ಕೇಳಿದ್ದೆಂದು ತಿಳಿಯುವ ಮಾತಿನಲ್ಲಿ, ಒಮ್ಮೆ ಕೇಳಬೇಕು.'

ಅವನು ತುಂಬ ಹೊತ್ತು ಓದಿದ. ಅಷ್ಟು ಸಣ್ಣ ಸಾಲಿಗೆ ಅಷ್ಟು ಹೊತ್ತು ಬೇಕಿರಲಿಲ್ಲ.

"ಒಂದು 'ಒಮ್ಮೆ' ಸಾಕಾ ಮೇಡಮ್?" ಎಂದು ಕೇಳಿ ಒಪ್ಪಿಗೆ ಒತ್ತಿದ.

ಪರದೆ ಆರಿದ ಮೇಲೆ ಅವಳು ನನ್ನ ಕಡೆ ತಿರುಗದೆಯೇ, "ದೊಡ್ಡಮ್ಮ, ಗುಂಡಿ ತಲೆಕೆಳಗಾಗಿ ಹಾಕ್ತಿದ್ದೀರ" ಅಂದಳು. ಗುಂಡಿಗೆ ತಲೆ ಎಲ್ಲಿ, ಕಾಲೆಲ್ಲಿ! ಮಾತು ತಪ್ಪಿಸಬೇಕಿತ್ತು, ತಪ್ಪಿಸಿದಳು.

ಚೀಟಿಯ ಸಮೇತ ಆವೃತ್ತಿ ಹೊರಟಿತು. ಆ ದಿನಗಳ ಬಗ್ಗೆ ಬರೆಯುವಂಥದ್ದು ಹೆಚ್ಚೇನಿಲ್ಲ. ಅಂಗಡಿಗಳಿಂದ ಬರುತ್ತಲೇ ಮುಖ ತೊಳೆಯದೆ ಮೇಲೆ ಹೋಗುತ್ತಿದ್ದಳು. ಸ್ವಲ್ಪ ಹೊತ್ತಿಗೆ ಇಳಿದು ಬಂದು ಮುಖ ತೊಳೆಯುತ್ತಿದ್ದಳು. ನಾನು ಕೇಳುತ್ತಿರಲಿಲ್ಲ. ಮುಖ ತೊಳೆಯುವ ರೀತಿಯಲ್ಲೇ ಉತ್ತರ ಇರುತ್ತಿತ್ತು. ಒಮ್ಮೆ ಮಾತ್ರ, ಕೆಳಗೆ ನನ್ನ ಜೊತೆ ಕಾಳು ಆರಿಸುತ್ತಾ, "ದೊಡ್ಡಮ್ಮ, ಮುಖ ನೋಡದೇ ಇರೋರು ಇಲ್ಲ ಅನ್ನಿಸೋದು ಹೇಗೆ? ಇದ್ದದ್ದೇ ಕಂಡಿಲ್ವಲ್ಲ" ಅಂದಳು.

"ಮೇಲಿನ ಕೋಣೇಲಿ ನೀನು ಇದ್ದಾಗ ನಂಗೆ ಕಾಣ್ತೀಯಾ? ಸದ್ದು ಕೇಳುತ್ತೆ. ಸದ್ದು ನಿಂತ್ರೆ ಮನೆ ಖಾಲಿ," ಎಂದೆ. ಅವಳು ಕಾಳಿನಲ್ಲಿದ್ದ ಕಲ್ಲನ್ನು ತೆಗೆಯಲು ಹೋಗಿ ಕಾಳನ್ನೇ ತೆಗೆದು ಎಸೆದಳು.

ಮುಂದಿನ ಆವೃತ್ತಿ ಹತ್ತಿರ ಬಂತು. ಆ ಭಾಗವನ್ನು ತೆಗೆಯುವ ಕೆಲಸವನ್ನು ಬೇರೆಯವರಿಗೆ ಬಿಡದೆ ತಾನೇ ಮಾಡಿದಳು. ಉಬ್ಬರದವನು ಒಂದೊಂದಾಗಿ ಕಳಿಸಿದ್ದನ್ನು ಒಂದೊಂದಾಗಿಯೇ ತೆಗೆದು ಜೋಡಿಸಿ, ಚುರುಕಪ್ಪನ ಒಪ್ಪಿಗೆಗೆ ಇಟ್ಟು, ಕೆಳಗೆ ಬಂದು ಊಟಕ್ಕೆ ಕೂತಳು. ಅವನು ಒತ್ತಿದರೆ ಮುಗಿಯಿತು. ಅವನ ಚುರುಕು ಗೊತ್ತಲ್ಲ, ಊಟ ಮುಗಿಯುವ ಮೊದಲೇ ಒತ್ತಿರುತ್ತಾನೆ ಎಂದುಕೊಂಡೆವು. ಒತ್ತಲಿಲ್ಲ. ಮರುದಿನವೂ ಒತ್ತಲಿಲ್ಲ. ಅದರ ಮರುದಿನವೂ ಇಲ್ಲ. "ಏನಪ್ಪಾ?" ಎಂದು ಕೇಳಿದರೆ, "ಕೆಲಸ ಜಾಸ್ತಿ ಮೇಡಮ್, ನೋಡ್ತೀನಿ, ನೋಡ್ತೀನಿ" ಅನ್ನುವನು. ಹುಟ್ಟಿದಾರಭ್ಯ ಅವನು ಆ ಮಾತು ಆಡಿರಲಿಕ್ಕಿಲ್ಲ.

ಒಂದು ಬೆಳಿಗ್ಗೆ ಅವಳು ತೂಕದ ಪೆಟ್ಟಿಗೆ ಎತ್ತಿಕೊಂಡು ಹೊರಡುತ್ತಿದ್ದಾಗ ಫೋನು ಬಂತು. ಚುರುಕಪ್ಪನ ಕೂಗು ನನಗೂ, ಆಚೆ ಇಸ್ತ್ರಿಯವನಿಗೂ ಕೇಳಿಸಿತು.

"ಮೇಡಮ್! ನೀರು ಏರಿದೆಯಂತೆ!"

ಅವಳು ಪೆಟ್ಟಿಗೆ ಕೆಳಗಿಟ್ಟಳು. ಮೆಲ್ಲಗೆ ಇಟ್ಟಳು. ಅವಳು ತೂಕದ ಕಲ್ಲುಗಳನ್ನು ಯಾವತ್ತೂ ಕುಕ್ಕಿದವಳಲ್ಲ. ಆಮೇಲೆ ಮೆಟ್ಟಿಲ ಮೇಲೇ ಕೂತುಬಿಟ್ಟಳು.

"ಎಲ್ಲಿ ಏರಿದೆ? ನಲ್ಲೀಲಿ ಬರ್ತಿಲ್ವಲ್ಲ!" ಎಂದು ಇಸ್ತ್ರಿಯವನು ಬಂಡಿ ಬಿಟ್ಟು ಓಡಿ ಬಂದ. ನಾನು ಅವನನ್ನು ಸುಮ್ಮನಿರಿಸಿದೆ.

ಆಗಿದ್ದು ಇಷ್ಟು. ಉಬ್ಬರದವನಿಗೆ ಕಣ್ಣು ಹೋಗಿತ್ತು. ಒಂದೇ ಸಲ ಅಲ್ಲ, ನೀರು ಇಳಿದ ಹಾಗೆ ಸ್ವಲ್ಪ ಸ್ವಲ್ಪವೇ. ಪರದೆ ಓದಲಾಗದ ಮೇಲೆ ಯಾರಿಗೂ ಹೇಳದೆ ಸುಮ್ಮನಾಗಿದ್ದ. ಮನೆಯಲ್ಲಿದ್ದ ತಂಗಿಗೆ ಯಂತ್ರದ ಗಂಧವಿಲ್ಲ. ಅಳತೆ ನಿಂತುಹೋಗಿ, ಅಣ್ಣ ಮಂಕಾಗಿ ಕೂತದ್ದನ್ನು ನೋಡಲಾರದೆ ಅವಳು ಆಚೆ ದಡದಿಂದ ರಿಪೇರಿಯವನೊಬ್ಬನನ್ನು ಕರೆಸಿದಳಂತೆ. ಅವನು ಹೊಸ ಆವೃತ್ತಿ ತೆಗೆದುಕೊಂಡು ಕಟ್ಟುವಾಗ ಪರದೆಯ ಮೇಲೆ ಚೀಟಿ ಬಂದಿದೆ. "ಇದ್ಯಾರೋ ನೀರು ಏರಿದೆಯಾ ಅಂತ ಕೇಳ್ತಿದ್ದಾರಲ್ಲ" ಎಂದು ರಿಪೇರಿಯವನು ನಕ್ಕು ಗಟ್ಟಿಯಾಗಿ ಓದಿದ್ದಾನೆ. ಕುರ್ಚಿಯಲ್ಲಿದ್ದವನು ಎದ್ದು ನಿಂತನಂತೆ. ಅಲ್ಲಿಯೇ ಪರೀಕ್ಷೆ ಮಾಡಿಸಿ, ಮನೆಯ ವಿಳಾಸದ ಸಮೇತ ರಿಪೇರಿಯವನ ಕೈಯಲ್ಲಿ ಬರೆಸಿದ್ದ. ನಮ್ಮವಳು ಅದನ್ನು ನನಗೆ ಓದಿ ಹೇಳಿದಳು: 'ಪರೀಕ್ಷಿಸಿದ್ದು: ನನ್ನ ಯಂತ್ರದಲ್ಲಿ, ಇನ್ನೊಬ್ಬರ ಕಣ್ಣಿನಲ್ಲಿ. ಎಲ್ಲ ಸರಿಯಿದೆ. ನೀರು ಏರಿದೆ. ಕಾಣುವುದಿಲ್ಲ, ಕೇಳಿಸುತ್ತದೆ.'

ಆ ಭಾಗ ತೆಗೆಯುವ ಕೆಲಸವನ್ನು ಚುರುಕಪ್ಪ ಒಪ್ಪಿಗೆ ಒತ್ತದೆಯೇ ವಾಪಸ್ಸು ಕಳಿಸಿದ.

ಒಂದೆರಡು ದಿನ ಅವಳು ಎಂದಿನಂತೆ ಅಂಗಡಿಗಳಿಗೆ ಹೋಗಿ ಬಂದಳು. ಆಮೇಲೆ ಒಂದು ಸಂಜೆ ಬಂದು ನನ್ನೆದುರು ಕೂತು, ನನ್ನ ದಾರದ ಉಂಡೆಯನ್ನು ಬಿಚ್ಚಿ ಮತ್ತೆ ಸುತ್ತುತ್ತಾ ಶುರು ಮಾಡಿದಳು.

"ಆ ರಿಪೇರಿಯವನು ವಾಪಸ್ ಹೋಗಿರ್ತಾನೆ ದೊಡ್ಡಮ್ಮ. ನಿಯಮದ ಪ್ರಕಾರ ಯಂತ್ರದ ಹತ್ರ ನೋಡೋರು ಒಬ್ಬರು ಇರಬೇಕು."

"ನಿಯಮದ ಪ್ರಕಾರ."

"ಹೂಂ. ಕಣ್ಣಿಲ್ಲದೆ ಹೇಗೆ ಮಾಡೋದು ಅಂತ ಏನಾದ್ರೂ ಹೊಂದಿಸಬಹುದು. ಸರಿಯಿದ್ರೆ ಗಂಟೆ ಹೊಡೆಯೋ ಹಾಗೆ. ಆದ್ರೆ ಅದನ್ನ ಅಲ್ಲೇ ಕೂತು ಮಾಡ್ಬೇಕು."

"ನಿಯಮದ ಪ್ರಕಾರ."

"ದೊಡ್ಡಮ್ಮ!"

"ನಾನೇನಂದೆ? ಹೋಗು ತಾಯಿ. ಅಲ್ಲೂ ಅಂಗಡಿಗಳಿರ್ತವೆ, ತಕ್ಕಡಿಗಳು ಕೆಡ್ತವೆ. ಅವನ ತಂಗಿಗೆ ಬಟ್ಟೆ ಒಳಗೆ ತರೋಕೆ ಇನ್ನೊಂದು ಜೊತೆ ಕೈ ಸಿಗುತ್ತೆ."

"ಬರೀ ಒಂದು ಆವೃತ್ತಿ ಹೋಗೋವರೆಗೆ," ಅಂದಳು. ಉಂಡೆ ಸುತ್ತಿ ನನ್ನ ಕೈಗಿಟ್ಟಳು. ಅಷ್ಟು ಬಿಗಿಯಾಗಿ ಸುತ್ತಿದ್ದಳೆಂದರೆ ಆ ದಾರವನ್ನು ಬಿಚ್ಚಲು ನನಗೆ ಒಂದು ಮಧ್ಯಾಹ್ನವೇ ಹಿಡಿಯಿತು.

ಹೋದ ಮೇಲೆ ಎಷ್ಟು ಆವೃತ್ತಿಗಳು ಹೋದವೋ. ಫೋನು ಮಾಡುತ್ತಾಳೆ. ಅವನ ಯಂತ್ರ ಈಗ ಸರಿಯಿದ್ದರೆ ಒಂದು ಸಲ, ತಪ್ಪಿದ್ದರೆ ಎರಡು ಸಲ ಗಂಟೆ ಹೊಡೆಯುತ್ತದೆ ಎಂದು ಹೇಳಿದಳು. ತಂಗಿ ಒಳ್ಳೆಯವಳು, ತುಂಬ ಮಾತು ಎಂದು ಹೇಳಿದಳು. ಏಡಿ ಮಾತ್ರ ಇನ್ನೂ ಒಪ್ಪಿಲ್ಲ ಎಂದು ಹೇಳಿದಳು. ಫೋನು ಎಂದರೆ ಎಲ್ಲ ಹೇಳುವುದೇ, ನನ್ನನ್ನು ಏನನ್ನೂ ಕೇಳುವುದಿಲ್ಲ. ಕೇಳಿದರೆ ನಾನೂ ಕೇಳಬೇಕಾಗುತ್ತದೆ ಎಂದು ಇಬ್ಬರಿಗೂ ಗೊತ್ತು. ಅವಳ ಮಾತಿನ ಹಿಂದೆ ಒಂದು ಸದ್ದು ಬರುತ್ತಿರುತ್ತದೆ, ಯಾರೋ ದೊಡ್ಡ ಬಟ್ಟೆಯನ್ನು ಎಳೆದೆಳೆದು ಮಡಿಸುತ್ತಿರುವ ಹಾಗೆ. ಅದೇ ಸಮುದ್ರವಂತೆ. ಇಲ್ಲಿ ಸಂಜೆ ಮೇಲಿನಿಂದ ಯಾವ ಸದ್ದೂ ಇಲ್ಲ. ನಾನು ಕಾಜಾ ಹೊಲಿಯುತ್ತಾ ತಲೆಯೆತ್ತುತ್ತೇನೆ, ಮತ್ತೆ ತಗ್ಗಿಸುತ್ತೇನೆ.

ಅವಳು ಹೊರಟದ್ದು ಒಂದು ಬೆಳಿಗ್ಗೆ. ಬಟ್ಟೆಯ ಚೀಲ, ಉಪಕರಣದ ಚೀಲ, ಎರಡೇ. ತೂಕದ ಕಲ್ಲುಗಳ ಪೆಟ್ಟಿಗೆಯನ್ನು ಮೇಲೇ ಬಿಟ್ಟಿದ್ದಳು. ಭಾರ, ಆಮೇಲೆ ಒಯ್ಯುತ್ತೇನೆ ಅಂದಿದ್ದಳು. ಇಸ್ತ್ರಿಯವನು ಚೀಲಗಳನ್ನು ಹೊತ್ತು, "ಮೇಡಮ್, ಇನ್ನು ನನ್ನ ಹೆಂಡತಿ ಮಾತು ಯಾರು ತೂಗ್ತಾರೆ?" ಎಂದು ನಗಿಸಲು ನೋಡಿದ. ಅವಳು ಈ ಸಲ ಅವನ ಭುಜದಿಂದ ಜಾರುತ್ತಿದ್ದ ಚೀಲವನ್ನು ಸರಿಮಾಡಿದಳು ಅಷ್ಟೆ. ಅವನೂ ಹಿಂದಿರುಗಿ ನೋಡದೆ ಬೀದಿಯ ತಿರುವಿನತ್ತ ನಡೆದ.

ಬೀಗದ ಕೈಯನ್ನು ನನ್ನ ಅಂಗೈಯಲ್ಲಿಟ್ಟಳು. ನಾನು ಬೆರಳು ಮಡಿಸಿಕೊಂಡೆ. ಮೆಟ್ಟಿಲ ಬುಡದಲ್ಲಿ, ಬೋರ್ಡಿನ ಮುಂದೆ, ಮೊದಲ ದಿನ ನಿಂತ ಜಾಗದಲ್ಲೇ ನಿಂತಳು. ಹಳದಿ ಅಕ್ಷರಗಳು ಸ್ವಲ್ಪ ಮಾಸಿದ್ದವು, ನೆರಳು ಹಾಗೇ ಇತ್ತು. 'ಸದ್ಯಕ್ಕೆ ಇಲ್ಲ' ಎನ್ನುವ ಅವಳ ಬಿಳಿ ಚೀಟಿ ಬಿಸಿಲಿಗೆ ಹಳದಿಯಾಗಿ, ಒಂದು ಮೂಲೆ ಎದ್ದು ಸುರುಳಿಯಾಗಿತ್ತು. ಎಳೆದರೆ ಸುಲಭವಾಗಿ ಬರುತ್ತಿತ್ತು. ಅವಳು ಆ ಎದ್ದ ಮೂಲೆಯನ್ನು ಎರಡು ಬೆರಳಲ್ಲಿ ಹಿಡಿದುಕೊಂಡು, ಎಳೆಯದೆ, ಒತ್ತದೆ, ನನ್ನ ಕಡೆ ತಿರುಗಿದಳು.

"ದೊಡ್ಡಮ್ಮ, ಇದನ್ನ ಕೀಳ್ಲಾ, ಇರ್ಲಾ?"